‘ಏಳಿ’ ಅಂದಾಗ ಎದ್ದು ನಿಂತ ಮೇಷ್ಟ್ರು

ನಾನು ‘ಕುಡುಗೋಲು’ ಅಂದೆ. ಎದುರಿಗೆ ಕೂತಿದ್ದ ಮೇಷ್ಟ್ರು ತಲೆ ಓರೆ ಮಾಡಿ ಕೇಳಿಸಿಕೊಂಡರು. ‘ಕುಡುಗೋಲು’ ಎಂದು ತಾವೂ ಅಂದರು. ಉಚ್ಚಾರ ಸ್ಪಷ್ಟವಾಗಿತ್ತು. ಇನ್ನೊಂದು ಸಲ ಅಂದರು. ಆಮೇಲೆ ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿ, ‘ಕುಡುಗೋಲು ಅಂದ್ರೆ ಏನು?’ ಎಂದು ಕೇಳಿದರು.

ಆಕೆ ಕಣ್ಣು ಒರೆಸಿಕೊಂಡರು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ನೋಟ್‌ಬುಕ್ಕಿನಲ್ಲಿ ಗುಂಡು ಗುಂಡಾಗಿ ‘ಕುಡುಗೋಲು’ ಎಂದು ಬರೆದರು. ಕೊಂಬು, ದೀರ್ಘ ಎಲ್ಲಾ ಸರಿಯಾಗಿತ್ತು. ಬರೆದದ್ದನ್ನು ಒಂದು ಕ್ಷಣ ನೋಡಿದರು. ಮುಖ ಅರಳಿತು. ‘ಅಯ್ಯೋ, ಕುಡುಗೋಲು! ರಾಗಿ ಕುಯ್ಯೋದು ಕಣವ್ವ. ನಮ್ಮ ಅಟ್ಟದ ಮೇಲೆ ಮೂರು ಇದಾವೆ.’

ಸ್ವಲ್ಪ ಹೊತ್ತಿನ ಮುಂಚೆ ಅದೇ ಕುಡುಗೋಲಿನ ಚಿತ್ರ ತೋರಿಸಿದ್ದೆ. ಚಿತ್ರ ನೋಡಿದ ತಕ್ಷಣ ಹೆಸರು ಹೇಳಿದ್ದರು. ಅಂದರೆ ವಸ್ತು ಗೊತ್ತು, ಹೆಸರು ಗೊತ್ತು, ಬರೆಯಲು ಗೊತ್ತು, ಓದಲು ಗೊತ್ತು. ಕಿವಿಯಿಂದ ಒಳಗೆ ಬಂದಾಗ ಮಾತ್ರ ಅದು ಅರ್ಥವೇ ಇಲ್ಲದ ಬರೀ ಶಬ್ದ.

ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿ ಮಾಡುವವಳು. ಪಾರ್ಶ್ವವಾಯು ಆದಮೇಲೆ ಮಾತು ಕಳೆದುಕೊಂಡವರು ನನ್ನ ಹತ್ತಿರ ಬರುವುದು ಹೊಸದಲ್ಲ. ಆದರೆ ಇಂಥವರನ್ನು ಅಲ್ಲಿಯವರೆಗೆ ಓದಿನಲ್ಲಿ ಮಾತ್ರ ನೋಡಿದ್ದೆ. ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು, ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಕರೆಯುವ ಹಾಗೆ ನಾನೂ ಅವರನ್ನು ಮೇಷ್ಟ್ರು ಅನ್ನುತ್ತೇನೆ.

ವಯಸ್ಸು 64. ಮಂಡ್ಯ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ 34 ವರ್ಷ ಪಾಠ ಮಾಡಿ ನಿವೃತ್ತರಾದವರು. ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನಲ್ಲಿ ಮನೆ, ಸ್ವಲ್ಪ ಕಬ್ಬಿನ ಗದ್ದೆ. ಬಿಪಿ ಇತ್ತು. ಮಾತ್ರೆಯನ್ನು ‘ಚೆನ್ನಾಗಿದೀನಲ್ಲ’ ಎಂದು ಎರಡು ತಿಂಗಳಿಂದ ಬಿಟ್ಟಿದ್ದರು. ಮನೆಯಾಕೆಗೆ ಓದು ಬರಹ ಇಲ್ಲ. ಈ ಸಂಗತಿ ಮುಂದೆ ಬಹಳ ಮುಖ್ಯವಾಗುತ್ತದೆ. ಮಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ.

ಒಂದು ಬೆಳಿಗ್ಗೆ ಮೇಷ್ಟ್ರು ಎದ್ದವರೇ ಏನೇನೋ ಮಾತಾಡಿದರು. ಕಾಫಿ ಲೋಟ ಹಿಡಿದು ‘ಬಾಗಿಲು ಆರಿಹೋಗಿದೆ’ ಅಂದರಂತೆ. ಕೇಳಿದ್ದಕ್ಕೆ ಉತ್ತರ ಇಲ್ಲ. ಕೈಕಾಲು ಮಾತ್ರ ಸರಿಯಾಗಿಯೇ ಆಡುತ್ತಿದ್ದವು. ಬಾಯಿ ಸೊಟ್ಟಗಾಗಿರಲಿಲ್ಲ. ನಮ್ಮ ಜನಕ್ಕೆ ಲಕ್ವ ಅಂದರೆ ಕೈಕಾಲು ಬೀಳಬೇಕು, ಬಾಯಿ ತಿರುಗಬೇಕು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನಿದ್ದೆ ಕೆಟ್ಟಿದೆ ಅಂದರು ಒಬ್ಬರು. ಗಾಳಿ ಸೋಕಿದೆ ಅಂದರು ಇನ್ನೊಬ್ಬರು. ಮಗ ಬಂದು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮಾರನೆಯ ದಿನ ಮಧ್ಯಾಹ್ನವಾಗಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಎಂದೋ ದಾಟಿತ್ತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಇದ್ದಕ್ಕಿದ್ದ ಹಾಗೆ ಒಬ್ಬರಿಗೆ ನಮ್ಮ ಮಾತು ಅರ್ಥವಾಗದೇ ಹೋದರೆ ಅದೂ ಪಾರ್ಶ್ವವಾಯುವೇ ಇರಬಹುದು. ಕೈ ಎತ್ತಿಸಿ ನೋಡಿ ಸುಮ್ಮನಾಗಬಾರದು.

ಎಂಆರ್‌ಐನಲ್ಲಿ ಮೆದುಳಿನ ಎಡಭಾಗದಲ್ಲಿ, ಕಿವಿಗಿಂತ ಸ್ವಲ್ಪ ಹಿಂದಕ್ಕೆ ಬರುವ ಟೆಂಪೊರಲ್ ಭಾಗದಲ್ಲಿ ರಕ್ತದ ಹರಿವು ನಿಂತು ಹಾಳಾದ ಜಾಗ ಕಂಡಿತು. 1874ರಲ್ಲಿ ಕಾರ್ಲ್ ವರ್ನಿಕೆ ಎಂಬ ಜರ್ಮನ್ ವೈದ್ಯ, ಮಾತು ಅರ್ಥ ಮಾಡಿಕೊಳ್ಳಲು ಬೇಕು ಎಂದು ಗುರುತಿಸಿದ್ದ ಜಾಗದ ನೆರೆಹೊರೆ ಅದು. ಕೈಕಾಲು ಆಡಿಸುವ ಭಾಗ ಅದಕ್ಕಿಂತ ಮುಂದಿದೆ. ಅದಕ್ಕೇ ಮೇಷ್ಟ್ರು ಆರಾಮಾಗಿ ಓಡಾಡಿಕೊಂಡಿದ್ದರು.

ಅಡ್ಡಾದಿಡ್ಡಿ ಮಾತು ಮೂರು ವಾರದಲ್ಲಿ ಬಹುಪಾಲು ತಿಳಿಯಾಯಿತು. ಉಳಿದದ್ದು ‘ಕಿವುಡು’. ಏನು ಹೇಳಿದರೂ ‘ಆಂ? ಏನು?’. ಮಗ ಕಿವಿಗೆ ಮೆಷಿನ್ ಹಾಕಿಸಿದ. ಪಾಪ, ಸಾವಿರಾರು ರೂಪಾಯಿ ಖರ್ಚು. ಮೆಷಿನ್ ಮಾರಿದವರು ‘ಅಭ್ಯಾಸ ಆಗ್ಬೇಕು’ ಅಂದರಂತೆ. ಮೇಷ್ಟ್ರು ಅದನ್ನು ಕಿತ್ತು ಮೇಜಿನ ಮೇಲಿಟ್ಟು, ‘ಗಟ್ಟಿಯಾಗಿ ಕೂಗಿದ್ರೆ ತಿಳಿಯತ್ತಾ? ಕೇಳಿಸ್ತದೆ ಕಣೋ, ಗೊತ್ತಾಗಲ್ಲ’ ಅಂದಿದ್ದರು. ಅವರ ಕಾಯಿಲೆಯ ಬಗ್ಗೆ ಅದಕ್ಕಿಂತ ಸರಿಯಾದ ವಿವರಣೆ ನಾನು ಇವತ್ತಿಗೂ ಕೊಡಲಾರೆ. ಆದರೆ ಆಗ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಕಿವುಡರೆಂದು ಅವರಿಗೆ ಹೆಸರಿಟ್ಟಾಗಿತ್ತಲ್ಲ.

ಐದನೆಯ ವಾರ ನನ್ನ ಹತ್ತಿರ ಬಂದರು. ಮೊದಲ ಕೆಲಸ ಕಿವಿಯ ಪರೀಕ್ಷೆ. ಆಡಿಯೋಗ್ರಾಮಿನಲ್ಲಿ ವಯಸ್ಸಿಗೆ ತಕ್ಕಷ್ಟು ಕೊರತೆ ಇತ್ತು, ಅಷ್ಟೇ. ಬಸ್ಸಿನ ಹಾರ್ನ್, ಕುಕ್ಕರ್ ಸೀಟಿ, ಹಸುವಿನ ಅಂಬಾ, ದೇವಸ್ಥಾನದ ಗಂಟೆ ಕೇಳಿಸಿ ಚಿತ್ರ ತೋರಿಸಿ ಅಂದರೆ ಒಂದೂ ತಪ್ಪಲಿಲ್ಲ. ಮಾಡಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದೇ ತೋರಿಸುತ್ತಿದ್ದೆ.

ಆಮೇಲೆ ಹತ್ತಿರ ಹತ್ತಿರದ ಜೋಡಿಗಳು. ‘ಕಲೆ, ಕಳೆ’, ‘ಬಳೆ, ಬೆಳೆ’, ‘ಹಾಲು, ಹಾಳು’. ಎರಡೂ ಒಂದೇನಾ, ಬೇರೆನಾ? ಸಲೀಸಾಗಿ ಹೇಳಿದರು. ಮುಂದೆ, ನಿಜವಾದ ಪದ ಯಾವುದು, ಸುಮ್ನೆ ಕಟ್ಟಿದ್ದು ಯಾವುದು? ‘ಗುದ್ದಲಿ’ ಹೌದು, ‘ಗುದ್ದನಿ’ ಅಲ್ಲ. ಇಲ್ಲಿಯೂ ಪಾಸು. ‘ಗುದ್ದಲಿ ನಮ್ಮ ಮಾತೇ. ಕೇಳಿದೀನಿ. ಏನು ಅಂತ ಮಾತ್ರ ಬರ್ತಿಲ್ಲ.’ ಕೇಳಿದ ಪದಕ್ಕೆ ಚಿತ್ರ ತೋರಿಸುವಾಗ ಎಡವಿದರು. 20ರಲ್ಲಿ 8 ಸರಿ. ಅವೇ 20 ಪದಗಳನ್ನು ಬರೆದು ತೋರಿಸಿದಾಗ 20ಕ್ಕೆ 20.

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಒಂದು ಮಾತು ಕಿವಿಗೆ ಬಿದ್ದರೆ ಮೆದುಳು ಒಂದೇ ಏಟಿಗೆ ಅರ್ಥ ತೆಗೆಯುವುದಿಲ್ಲ. ಮೊದಲು ಗಾಳಿಯ ಸದ್ದಿನಿಂದ ಅ, ಕ, ಲ ಎಂಬ ದನಿಗಳನ್ನು ಹೆಕ್ಕಬೇಕು. ಆ ದನಿಗಳ ಸಾಲು ತನಗೆ ಗೊತ್ತಿರುವ ಪದ ಹೌದೋ ಅಲ್ಲವೋ ನೋಡಬೇಕು. ಕೊನೆಗೆ ಆ ಪದದಿಂದ ಅರ್ಥದ ಕೋಣೆಗೆ ಹೋಗಬೇಕು. ಯಾವ ಮೆಟ್ಟಿಲಲ್ಲಿ ಬೇಕಾದರೂ ಕಾಲು ಜಾರಬಹುದು.

ಮೊದಲ ಮೆಟ್ಟಿಲಲ್ಲೇ ಜಾರಿದವರಿಗೆ ಮಾತು ಬರೀ ಗೊಜಗೊಜ. ಗೊತ್ತಿಲ್ಲದ ಭಾಷೆ ಕೇಳಿದ ಹಾಗೆ. ಅವರಿಗೆ ನೀವು ಹೇಳಿದ್ದನ್ನು ತಿರುಗಿ ಹೇಳಲೂ ಆಗದು, ಉಕ್ತಲೇಖನ ಬರೆಯಲೂ ಆಗದು. ಆದರೆ ತಾವಾಗಿ ಮಾತಾಡುತ್ತಾರೆ, ಪೇಪರ್ ಓದುತ್ತಾರೆ, ಪತ್ರ ಬರೆಯುತ್ತಾರೆ. 1877ರಲ್ಲಿ ಅಡಾಲ್ಫ್ ಕುಸ್‌ಮೌಲ್ ಈ ಬಗೆಯ ತೊಂದರೆಗೆ ‘ಪದ ಕಿವುಡು’ ಎಂಬ ಹೆಸರು ಕೊಟ್ಟರು. ಇನ್ನೊಂದು ವಿಚಿತ್ರವೂ ಇದೆ. ಕೆಲವರಿಗೆ ನೀವು ‘ಬೆಕ್ಕು’ ಅಂದರೆ ‘ನಾಯಿ’ ಎಂದು ತಿರುಗಿ ಹೇಳುತ್ತಾರೆ. ಅವರಲ್ಲಿ ಅರ್ಥದ ನೆರಳು ಉಳಿದು, ದನಿ ಅಳಿಸಿಹೋಗಿರುತ್ತದೆ. ನಮ್ಮ ಮೇಷ್ಟ್ರದು ಅದರ ತದ್ವಿರುದ್ಧ. ದನಿ ಉಳಿದಿದೆ, ಪದವೂ ಉಳಿದಿದೆ, ಅರ್ಥದ ಬಾಗಿಲಿಗೆ ಮಾತ್ರ ಬೀಗ. ಇದನ್ನು ‘ಪದಾರ್ಥ ಕಿವುಡು’ ಅನ್ನಬಹುದೇನೋ. ಅಂಗಡಿ ಸಾಮಾನಿನ ಪದಾರ್ಥ ಅಲ್ಲ, ಪದದ ಅರ್ಥ.

1897ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೊ ನಗರದ ವೈದ್ಯ ಬೈರಮ್ ಬ್ರಾಮ್‌ವೆಲ್ ಇಂಥ ಒಬ್ಬಾಕೆಯ ಬಗ್ಗೆ ಬರೆದಿದ್ದಾರೆ. 26 ವರ್ಷದ ಹೆಂಗಸು, ಹೆರಿಗೆಯಾದ ಸ್ವಲ್ಪ ದಿನಕ್ಕೆ ಪಾರ್ಶ್ವವಾಯು. ‘ಎಡಿನ್‌ಬರೊಗೆ ಬರಲು ಇಷ್ಟವೇ’ ಎಂದು ಕೇಳಿದರೆ ಆಕೆಗೆ ತಿಳಿಯಲಿಲ್ಲ. ಆ ಪ್ರಶ್ನೆಯನ್ನು ತಾನೇ ಬರೆದಳು, ಓದಿದಳು, ಆಮೇಲೆ ಉತ್ತರ ಕೊಟ್ಟಳು. ಮಂಡ್ಯದ ಮೇಷ್ಟ್ರು ನನ್ನ ಕೋಣೆಯಲ್ಲಿ ನೋಟ್‌ಬುಕ್ ತೆಗೆದ ದಿನ ನನಗೆ ನೆನಪಾದದ್ದು ಆಕೆಯೇ.

ನನಗೆ ಜಾಸ್ತಿ ಕಲಿಸಿದ್ದು ಮಾತ್ರ ನನ್ನ ಪರೀಕ್ಷೆಗಳಲ್ಲ, ಒಂದು ಊಟದ ಕತೆ.

ನನ್ನ ಹತ್ತಿರ ಬರತೊಡಗಿದ ಎರಡನೆಯ ವಾರ ಮನೆಯಾಕೆ ನಗುತ್ತಾ ಬಂದರು. ‘ಮೇಡಮ್ಮೋರೆ, ನಿನ್ನೆ ರಾತ್ರಿ ಊಟಕ್ಕೆ ಕೂತವ್ರೆ. ಏಳಿ, ಮುದ್ದೆನೋ ಅನ್ನನೋ ಅಂತ ನಾನು ಕೇಳ್ದೆ. ಬುಕ್ಕಲ್ಲಿ ಬರ್ಕಂಡು ಓದ್ಬುಟ್ಟು, ಎದ್ದೋಗಿ ಕೈ ತೊಳ್ಕಂಡು ಬಂದವ್ರೆ!’

ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಕೆ ಅಂದದ್ದು ‘ಹೇಳಿ’. ಆ ಕಡೆಯ ಹಳ್ಳಿ ಮಾತಿನಲ್ಲಿ ‘ಹ’ ಬಿದ್ದುಹೋಗುತ್ತದೆ. ಹಾಲು ‘ಆಲು’, ಹೊಲ ‘ಒಲ’, ಹಣ ‘ಅಣ’. ಹೇಳಿ, ಏಳಿ ಎರಡೂ ಬಾಯಲ್ಲಿ ಒಂದೇ. ಮದುವೆಯಾಗಿ ಇಷ್ಟು ವರ್ಷದಲ್ಲಿ ಮೇಷ್ಟ್ರಿಗೆ ಎಂದೂ ಗೊಂದಲವಾಗಿರಲಿಲ್ಲ. ಊಟಕ್ಕೆ ಕೂತಿರುವಾಗ ಹೆಂಡತಿ ಏನು ಕೇಳುತ್ತಾಳೆ ಅನ್ನುವುದು ಕಿವಿಯಿಂದಲೇ ತಿಳಿಯುತ್ತಿತ್ತು. ಈಗ ಆಕೆಯ ದನಿ ಬರೀ ದನಿಯಾಗಿ ಅಕ್ಷರಕ್ಕೆ ಇಳಿಯಿತು. ಅಕ್ಷರ ‘ಏಳಿ’ ಅಂದಿತು. ಅವರು ಎದ್ದರು.

ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಯಾವ ಪುಸ್ತಕವೂ ನನಗೆ ಕೊಟ್ಟಿರಲಿಲ್ಲ. ಮಾರನೆಯ ಸಲ ಒಂದು ಪಟ್ಟಿ ಮಾಡಿದೆ. ನಾನು ಶಾಲೆಯ ಉಚ್ಚಾರದಲ್ಲಿ ಹೇಳುವುದು, ಮನೆಯಾಕೆ ಊರಿನ ಮಾತಿನಲ್ಲಿ ಹೇಳುವುದು. ನನ್ನ ‘ಹಾಲು’ ಕೇಳಿ ‘ಹಾಲು’ ಬರೆದರು. ಆಕೆಯ ‘ಆಲು’ ಕೇಳಿ ‘ಆಲು’ ಬರೆದರು. ಓದಿ, ‘ಆಲೂಗಡ್ಡೆನಾ?’ ಅಂದರು. ‘ಒಲ’ ಎಂದು ಬರೆದು ಬಹಳ ಹೊತ್ತು ನೋಡಿದರು. ತುಟಿ ಅಲ್ಲಾಡಿತು. ಜೇಬಿನಿಂದ ಇನ್ನೊಂದು ಪೆನ್ನು ಬಂತು, ಕೆಂಪು ಶಾಯಿಯದು. ‘ಒ’ ಹೊಡೆದು ಹಾಕಿ ಮೇಲೆ ‘ಹೊ’ ಬರೆದರು. ‘ಹೊಲ! ಎಷ್ಟು ಸಲ ಹೇಳಿಕೊಡೋದು?’ 34 ವರ್ಷ ಮಕ್ಕಳ ಉಕ್ತಲೇಖನ ತಿದ್ದಿದ ಕೈ. ಈಗ ತನ್ನ ಉಕ್ತಲೇಖನವನ್ನೇ ತಿದ್ದುತ್ತಿತ್ತು.

ಹಾಗಾದರೆ ಅವರು ಬರೆಯುವುದು ಬರೀ ದನಿಯಿಂದ ಅಕ್ಷರಕ್ಕೆ ಇಳಿಸುವ ಯಂತ್ರದ ಕೆಲಸವೇ? ಮೊದಲು ನಾನೂ ಹಾಗೇ ಅಂದುಕೊಂಡೆ. ಕನ್ನಡದ ಲಿಪಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕಾಗುಣಿತ, ಒತ್ತಕ್ಷರ ಬಂದರೆ ಸಾಕು, ಅರ್ಥ ಗೊತ್ತಿಲ್ಲದ ಪದವನ್ನೂ ಕೇಳಿ ಬರೆಯಬಹುದು. ಆದರೆ ಕನ್ನಡದಲ್ಲೂ ದನಿ ಕೈಕೊಡುವ ಜಾಗಗಳಿವೆ. ಋ, ಷ, ಮಹಾಪ್ರಾಣ. ನಾವು ಬರೆಯುವುದು ಋತು, ಬಾಯಲ್ಲಿ ಬರುವುದು ‘ರುತು’. ಬರೆಯುವುದು ವಿಷಯ, ಅನ್ನುವುದು ಹೆಚ್ಚಾಗಿ ‘ವಿಶಯ’. ಮೇಷ್ಟ್ರಿಗೆ ‘ರುತು’ ಅಂದೆ. ‘ಹಂಗಂದ್ರೇನು?’ ಎಂದು ಕೇಳುತ್ತಲೇ ‘ಋತು’ ಎಂದು ಬರೆದರು. ‘ರುಣ’ ಅಂದೆ, ‘ಋಣ’ ಬರೆದರು. ‘ರುಬು’ ಎಂದು ನಾನೇ ಕಟ್ಟಿದ ಪದ ಹೇಳಿದೆ. ‘ರುಬು’ ಎಂದೇ ಬರೆದು, ‘ಇದು ಪದ ಅಲ್ಲ’ ಎಂದು ಗದರಿದರು.

ನೋಡಿ, ಇಲ್ಲಿ ಮಜಾ ಇರುವುದು. ಋತುವಿನ ‘ಋ’ ದನಿಯಿಂದ ಬರಲು ಸಾಧ್ಯವಿಲ್ಲ. ಅರ್ಥದಿಂದಲೂ ಬರಲಿಲ್ಲ, ಅರ್ಥವೇ ಗೊತ್ತಾಗಿರಲಿಲ್ಲವಲ್ಲ. ಹಾಗಾದರೆ ಕೇಳಿದ ಪದದ ರೂಪದಿಂದ ಬರೆದ ಪದದ ರೂಪಕ್ಕೆ, ಅರ್ಥದ ಕೋಣೆಯನ್ನು ಹೊಕ್ಕದೆ, ನೇರ ಒಂದು ಕಾಲುದಾರಿ ಇರಬೇಕು. ಬ್ರಾಮ್‌ವೆಲ್‌ರ ರೋಗಿ ಎಡಿನ್‌ಬರೊ ಎಂಬ ಊರಿನ ಇಂಗ್ಲಿಷ್ ಕಾಗುಣಿತವನ್ನು ಸರಿಯಾಗಿ ಬರೆದಿದ್ದಳು. ಅದನ್ನೂ ಕಿವಿಯ ಮೇಲೆ ನಂಬಿಕೆ ಇಟ್ಟು ಬರೆಯಲಾಗದು. ಅಂಥ ರೋಗಿಗಳನ್ನು ನೋಡಿಯೇ ತಜ್ಞರು ಈ ದಾರಿಯ ಬಗ್ಗೆ ಮಾತಾಡುವುದು. ಮೇಷ್ಟ್ರು ‘ಋತು’ವನ್ನು ಸಾವಿರಾರು ಸಲ ಬೋರ್ಡಿನ ಮೇಲೆ ಬರೆದವರು. ಹಾಗೆ ಬರೆದ ಪದಗಳದ್ದು ತಲೆಯಲ್ಲೊಂದು ಕಣಜ. ಕೇಳಿದ ಪದ ಆ ಕಣಜದಲ್ಲಿ ಸಿಕ್ಕರೆ ಅಕ್ಷರ ಅಲ್ಲಿಂದ ಬರುತ್ತದೆ. ‘ಆಲು’ ಆ ಕಣಜದಲ್ಲಿ ಇರಲಿಲ್ಲ. ಶಾಲೆಯ ಬೋರ್ಡಿನ ಮೇಲೆ ಅದನ್ನು ಅವರು ಎಂದೂ ಬರೆದಿರಲಿಲ್ಲ. ಹಾಗಾಗಿ ಅದು ದನಿಯ ದಾರಿ ಹಿಡಿಯಿತು. ‘ರುಬು’ವಿನದೂ ಅದೇ ಕತೆ. ಇಂಗ್ಲಿಷಿನಲ್ಲಿ ಅವರ ಕಣಜ ಚಿಕ್ಕದು. ‘ನೈಫ್’ ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ‘ಎನ್ ಎ ಐ ಎಫ್’ ಎಂದು ಬರೆದು ತಬ್ಬಿಬ್ಬಾಗಿ ಕೂತರು. ಅದನ್ನೇ ಕನ್ನಡ ಲಿಪಿಯಲ್ಲಿ ಬರೆದಾಗ, ‘ಚಾಕು’ ಅಂದುಬಿಟ್ಟರು.

ಹೀಗಾಗಿ ಕನ್ನಡದ ಅಕ್ಷರ ಅವರ ಪಾಲಿಗೆ ಬಾವಿಗೆ ಬಿಟ್ಟ ಹಗ್ಗವಾಗಿತ್ತು. ನಮ್ಮ ಕೆಲಸ ಆ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಚಿಕ್ಕದು ಮಾಡುವುದು.

ಮೊದಲು ಮನೆಯವರ ಅಭ್ಯಾಸ ಬದಲಿಸಬೇಕಿತ್ತು. ಕೂಗುವುದು ನಿಲ್ಲಬೇಕು. ಎದುರಿಗೆ ಬಂದು, ಚಿಕ್ಕ ವಾಕ್ಯದಲ್ಲಿ, ವಸ್ತು ತೋರಿಸಿ ಮಾತಾಡಬೇಕು. ಇಂಥ ಕಡೆ ನಾವು ಸಾಮಾನ್ಯವಾಗಿ ‘ಹೇಳಬೇಕಾದ್ದನ್ನು ಬರೆದು ತೋರಿಸಿ’ ಅನ್ನುತ್ತೇವೆ. ಮಗನಿಗೆ ಅದು ಸುಲಭವಾಯಿತು, ವಾಟ್ಸಾಪಿನಲ್ಲಿ ಅಕ್ಷರದಲ್ಲೇ ಕಳಿಸತೊಡಗಿದ. ಅದಕ್ಕೆ ಮುಂಚೆ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಸಾಕಾಗಿದ್ದ. ಫೋನಿನ ಮಾತಂತೂ ಅವರಿಗೆ ತೀರಾ ಕಷ್ಟ, ಮುಖವೂ ಇಲ್ಲ ಕೈಸನ್ನೆಯೂ ಇಲ್ಲ. ಆದರೆ ದಿನವಿಡೀ ಅವರ ಜೊತೆ ಇರುವಾಕೆಗೆ ಅಕ್ಷರವೇ ಬರುವುದಿಲ್ಲ. ನಾನು ಮೊದಲ ದಿನ ಆಕೆಯ ಕೈಗೆ ಸ್ಲೇಟು ಕೊಟ್ಟು, ಆಕೆ ಅದನ್ನು ಸುಮ್ಮನೆ ಗಂಡನ ಕೈಗೆ ದಾಟಿಸಿದಾಗ ನನಗೆ ನಾಚಿಕೆಯಾಯಿತು. ಮೊದಲೇ ಕೇಳಬೇಕಿತ್ತು.

ಆ ಮನೆಯಲ್ಲಿ ಬರೆಯುವ ಕೆಲಸ ಹಾಗಾಗಿ ಕೇಳುವವರದೇ ಆಯಿತು. ಆಕೆ ಹೇಳುವುದು, ಅವರು ಬರೆದು ಓದುವುದು. ಮಗ ಫೋನಿನಲ್ಲಿ ಮಾತನ್ನು ಕೇಳಿ ತಾನೇ ಕನ್ನಡದಲ್ಲಿ ಟೈಪ್ ಮಾಡುವ ಸೌಲಭ್ಯ ಹಾಕಿಕೊಟ್ಟ. ನನ್ನ ಪುಸ್ತಕದ ಮಾತು ಅದಕ್ಕೆ ಪರವಾಗಿಲ್ಲ. ಮನೆಯಾಕೆ ‘ಒಸಿ ತಡೀರಿ, ಒಲೆ ಉರೀತಾ ಅದೆ’ ಅಂದರೆ ಫೋನು ಏನೇನೋ ಬರೆದು ಇಬ್ಬರನ್ನೂ ನಗಿಸುತ್ತಿತ್ತು. ಆ ವಿಷಯದಲ್ಲಿ ಮೇಷ್ಟ್ರ ಕಿವಿಯೇ ವಾಸಿ.

ಥೆರಪಿಯಲ್ಲಿ ಕಾಗದದಿಂದ ಅಂಗೈಗೆ ಬಂದೆವು. ಕೇಳಿದ ಪದವನ್ನು ಬೆರಳಿಂದ ಅಂಗೈ ಮೇಲೆ ಬರೆಯುವುದು. ಮಸಿ ಇಲ್ಲ, ಗುರುತಿಲ್ಲ. ಆದರೂ ಅರ್ಥ ಬರುತ್ತಿತ್ತು, ನಿಧಾನವಾಗಿ. ಆಮೇಲೆ ಬೆರಳೂ ಬೇಡ, ಕಣ್ಣು ಮುಚ್ಚಿ ಕರಿ ಹಲಗೆ ನೆನೆಸಿಕೊಳ್ಳಿ, ಅದರ ಮೇಲೆ ಬರೆಯಿರಿ ಅಂದೆ. ಬೇರೆಯವರಿಗೆ ಇದು ಕಷ್ಟ. ಇವರಿಗೆ ಕರಿ ಹಲಗೆ ನೆನೆಸಿಕೊಳ್ಳುವುದು ದೊಡ್ಡ ವಿಷಯವೇ? ಜೊತೆಗೆ ದಿನಕ್ಕೆ ಹತ್ತು ಪದದ ಚೀಟಿ. ಪದ ಮತ್ತು ಅದರ ಅರ್ಥ ಓದಿಕೊಂಡು, ಆ ಬಿಸಿಯಲ್ಲೇ ಅದೇ ಪದವನ್ನು ಹೆಂಡತಿಯ ಬಾಯಿಂದ ಕೇಳುವುದು.

ಮುಟ್ಟಿ ನೋಡಬಹುದಾದ ಪದಗಳು ಬೇಗ ಮರಳಿದವು. ಮಡಕೆ, ಎತ್ತು, ಬೆಲ್ಲ, ಆಲೆಮನೆ. ‘ಹೊಣೆ’, ‘ನಂಬಿಕೆ’, ‘ಸಂಕೋಚ’ ಬಹಳ ಕಾಡಿದವು. ಬೇರೆ ಕಡೆ ವರದಿಯಾದ ಕೆಲವು ರೋಗಿಗಳಲ್ಲೂ ಹೀಗೇ ಆಗಿದೆ. ಆರು ತಿಂಗಳಾಗುವಾಗ ಕೇಳಿದ ಪದಕ್ಕೆ ಚಿತ್ರ ತೋರಿಸುವಲ್ಲಿ 20ಕ್ಕೆ 17 ಬರುತ್ತಿತ್ತು. ಆದರೆ ಅದು ಶಾಂತವಾದ ಕೋಣೆಯ ಅಂಕ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಇಬ್ಬರು ಒಟ್ಟಿಗೆ ಮಾತಾಡುವ ಕಡೆ ಅವರು ಇನ್ನೂ ತಬ್ಬಿಬ್ಬು. ಟಿವಿ ವಾರ್ತೆಯಲ್ಲಿ ಕೆಳಗೆ ಓಡುವ ಅಕ್ಷರ ಮಾತ್ರ ನೋಡುತ್ತಾರೆ. ಬಿಪಿ ಮಾತ್ರೆ ಈಗ ತಪ್ಪಿಸುವುದಿಲ್ಲ. ಅದನ್ನು ಮನೆಯಾಕೆ ನೋಡಿಕೊಳ್ಳುತ್ತಾರೆ.

ಆ ಆರು ತಿಂಗಳಲ್ಲಿ ನಾಲ್ಕು ನೋಟ್‌ಬುಕ್ ತುಂಬಿದವು. ನನಗೆ ನೋಡಲು ಕೊಟ್ಟಿದ್ದರು. ಪುಟದ ತುಂಬ ಹೆಂಡತಿಯ ಮಾತು. ‘ಆಲು ಉಕ್ತು.’ ‘ಅಸ ಕಟ್ಟಿ ಬತ್ತೀನಿ.’ ‘ಗೊಬ್ಬರುಕ್ಕೆ ಅಣ ಕೊಟ್ರಾ.’ ಮೊದಲ ಪುಸ್ತಕದಲ್ಲಿ ಪ್ರತಿ ಸಾಲಿಗೂ ಕೆಂಪು ಶಾಯಿ, ಹ ಸೇರಿಸಿ, ದೀರ್ಘ ತಿದ್ದಿ. ಎರಡನೆಯದರಲ್ಲಿ ಕೆಂಪು ಕಡಿಮೆ. ನಾಲ್ಕನೆಯದರಲ್ಲಿ ಕೆಂಪೇ ಇಲ್ಲ. ಯಾಕೆ ಮೇಷ್ಟ್ರೇ, ಎಂದು ಚೀಟಿಯಲ್ಲಿ ಬರೆದು ಕೇಳಿದೆ. ‘ತಿದ್ದಿದ್ರೆ ಅವಳು ಅಂದಂಗೆ ಇರಲ್ಲ ಕಣವ್ವ’ ಅಂದರು.

ಕೊನೆಯ ಸಲ ಬಂದ ದಿನ, ಮಾತು ಮುಗಿದಿತ್ತು. ಮನೆಯಾಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು, ‘ಬಸ್ಸು ಒಯ್ತದೆ, ಏಳಿ’ ಅಂದರು. ಮೇಷ್ಟ್ರ ಪುಸ್ತಕ ಜೇಬಿನಲ್ಲೇ ಇತ್ತು. ತೊಡೆಯ ಮೇಲೆ ತೋರುಬೆರಳು ಸಣ್ಣಗೆ ಆಡಿತು. ತಲೆ ಎತ್ತಿ ಕೇಳಿದರು, ‘ಎದ್ದೇಳೋ ಏಳಿನಾ, ಬಾಯ್ಬಿಡೋ ಏಳಿನಾ?’

‘ಎರಡೂವೆ’ ಅಂದರು ಆಕೆ. ‘ಎದ್ಬುಟ್ಟು, ಮೇಡಮ್ಮೋರ್ಗೆ ಬತ್ತೀನಿ ಅಂತ ಏಳಿ.’

ಬೆರಳು ಇನ್ನೊಮ್ಮೆ ಆಡಿತು. ಮೇಷ್ಟ್ರು ಎದ್ದರು.

‘ಬರ್ತೀನಿ ಕಣವ್ವ.’